ಪ್ರಾಸ್ಟೇಟ್ ಕ್ಯಾನ್ಸರ್: ಮೈ ದಣಿದರೆ ರೋಗ ಹರಡುತ್ತದೆಯೇ?

"ಕಾಕಾ, ಇನ್ನ ಹೊಲಕ್ಕ ಹೋಗಬ್ಯಾಡ್ರಿ. ಮೈ ದಣಿದ್ರ ಗಂಟು ಹರಡ್ತೈತಿ." ಅಥಣಿ, ಕಾಗವಾಡದಿಂದ ಮಿರಜಿಗೆ ತೋರಿಸಲು ಬರುವ ಮನೆಗಳಲ್ಲೂ ಸಾಂಗ್ಲಿವಾಡಿಯ ಕನ್ನಡ ಮನೆಗಳಲ್ಲೂ ಇಂಥ ಮಾತು ಪ್ರೀತಿಯಿಂದಲೇ ಬರುತ್ತದೆ. ಆದರೆ ಅದು ತಪ್ಪು. ಕ್ಯಾನ್ಸರ್ ಹರಡುವುದು ಅದರ ಜೀವಕೋಶಗಳ ಸ್ವಭಾವದಿಂದ, ನಡಿಗೆಯಿಂದಲ್ಲ.

ಪ್ರಾಸ್ಟೇಟ್ ಗ್ರಂಥಿಯನ್ನು ದಾಟದ ಕ್ಯಾನ್ಸರ್ ಇದ್ದ 1,455 ಅಮೆರಿಕನ್ ಗಂಡಸರ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ 3 ತಾಸಿಗೂ ಕಡಿಮೆ, ಅದೂ ನಿಧಾನವಾಗಿ ನಡೆದವರಿಗಿಂತ 3 ತಾಸು ಅಥವಾ ಹೆಚ್ಚು ಬಿರುಸಾಗಿ ನಡೆದವರಲ್ಲಿ ರೋಗ ಮುಂದುವರಿದದ್ದು ಶೇ. 57ರಷ್ಟು ಕಡಿಮೆ. ಎಷ್ಟು ಹೊತ್ತು ಎಂಬುದಕ್ಕಿಂತ ಎಷ್ಟು ಬಿರುಸು ಎಂಬುದು ಮುಖ್ಯವಾಗಿತ್ತು. ಸಾಂಗ್ಲಿಯ ಐರ್ವಿನ್ ಸೇತುವೆ ದಾಟುವಾಗ ಜೊತೆಯವರೊಡನೆ ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು: ಬಿರುಸೆಂದರೆ ಅಷ್ಟು.

ಹಾಗೆಂದು ವ್ಯಾಯಾಮವೇ ಔಷಧ, ಆಸ್ಪತ್ರೆ ಬೇಡ ಎಂಬುದೂ ಅಷ್ಟೇ ಅಪಾಯದ ನಂಬಿಕೆ. ಬಿರುಸಾಗಿ ನಡೆಯಬಲ್ಲವರು ಮೊದಲೇ ಗಟ್ಟಿಮುಟ್ಟಾಗಿದ್ದಿರಬಹುದಲ್ಲ? ಆ ಸಂಶಯಕ್ಕೆ ಎಡೆಯಿಲ್ಲದಂತೆ ಕೆನಡಾದಲ್ಲಿ ಚಿಕಿತ್ಸೆ ಶುರುಮಾಡದೆ ನಿಗಾದಲ್ಲಿಟ್ಟಿದ್ದ 52 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 12 ವಾರ ತೀವ್ರ ವ್ಯಾಯಾಮ ಮಾಡಿಸಿದರು. ಅವರ ರಕ್ತದಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರಿನ ಮೇಲೆ ಕಣ್ಣಿಡಲು ಅಳೆಯುವ ಅಂಶ) ಮಟ್ಟ ಇಳಿಯಿತು. ಇದು 2021ರಲ್ಲಿ ಪ್ರಕಟವಾದ ಫಲಿತಾಂಶ. ಭರವಸೆಯದ್ದು ನಿಜ, ಆದರೆ ಆಯುಷ್ಯ ಹೆಚ್ಚಿತೆಂದು ಹೇಳಲು ಅಷ್ಟು ಸಾಲದು. ವೈದ್ಯರು ಹೇಳಿದ ತಪಾಸಣೆ, ಔಷಧ ತಪ್ಪಿಸುವಂತಿಲ್ಲ.

"ದಿನಾ ಹೊಲದಾಗ ಇರ್ತೀನಲ್ರಿ" ಎಂಬುದು ಅರ್ಧ ಸತ್ಯ. ಕಬ್ಬು ಕಡಿದರೆ, ಹೊರೆ ಹೊತ್ತರೆ ಅದು ವ್ಯಾಯಾಮವೇ. ಬೈಕಿನಲ್ಲಿ ಹೋಗಿ ದ್ರಾಕ್ಷಿ ತೋಟದ ಬದುವಿನಲ್ಲಿ ನಿಂತು ಆಳುಗಳಿಗೆ ಕೆಲಸ ಹೇಳಿ ಬಂದರೆ ಅಲ್ಲ.

ಹಾರ್ಮೋನ್ ಚಿಕಿತ್ಸೆಯಲ್ಲಿರುವವರಿಗೆ ವ್ಯಾಯಾಮ ಇನ್ನೂ ಮುಖ್ಯ. ಆ ಚಿಕಿತ್ಸೆಯಿಂದ ಟೆಸ್ಟೋಸ್ಟಿರೋನ್ ಇಳಿದಾಗ ಸ್ನಾಯು ಕರಗುತ್ತದೆ, ಕೊಬ್ಬು ಸೇರುತ್ತದೆ, ಮೂಳೆ ಟೊಳ್ಳಾಗುತ್ತದೆ, ಆಯಾಸ ಬಿಡುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿದರೆ ಬಲ ಉಳಿಯುತ್ತದೆ, ಆಯಾಸ ತಗ್ಗುತ್ತದೆ. ಇದಕ್ಕಿರುವ ಪುರಾವೆ ರೋಗ ತಡೆಯುವ ಪುರಾವೆಗಿಂತ ಗಟ್ಟಿ. ತಾಲೀಮಿನ ಕಸರತ್ತೇ ಆಗಬೇಕೆಂದಿಲ್ಲ. ಕುರ್ಚಿಯಿಂದ ಕೈಯೂರದೆ ಹತ್ತಾರು ಸಲ ಎದ್ದು ಕೂತರೂ ಶುರುವಾತಿಗೆ ಸಾಕು.

ಕ್ಯಾನ್ಸರ್ ಮೂಳೆಗೆ ಇಳಿದಿದ್ದರೆ ಮಾತ್ರ ಭಾರ ಎತ್ತುವ, ಬೆನ್ನು ತಿರುಚುವ ಮೊದಲು ವೈದ್ಯರನ್ನು ಕೇಳಲೇಬೇಕು. ಅಂಥವರಿಗೆ ಹೊಸದಾಗಿ ಜೋರು ಬೆನ್ನುನೋವು ಬಂದು ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನುಹುರಿ ಒತ್ತಿಹೋಗಿದ್ದರೆ ತಡಮಾಡಿದಷ್ಟೂ ಕಾಲು ಶಾಶ್ವತವಾಗಿ ಸೋಲುವ ಅಪಾಯ ಹೆಚ್ಚು.