ಕಾರಿನ ಎ.ಸಿ. ಅನಿಲ: ಮನೆಯಲ್ಲೇ ತುಂಬಿಸಿದರೆ ಉಳಿತಾಯವೇ?

ಬೇಸಿಗೆ ಕಾಲಿಟ್ಟೊಡನೆ ವಾಹನ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಣೆ ಹೆಚ್ಚುವ ಸರಕುಗಳಲ್ಲಿ ಕಾರಿನ ಎ.ಸಿ.ಗೆ ತುಂಬಿಸುವ ಅನಿಲದ ಸಣ್ಣ ಡಬ್ಬಿಯೂ ಒಂದು. ಡಬ್ಬಿ, ಅದಕ್ಕೆ ಜೋಡಿಸುವ ಕೊಳವೆ ಹಾಗೂ ಒಂದು ಗೇಜ್ ಕೈಯಲ್ಲಿದ್ದರೆ ಗ್ಯಾರೇಜಿಗೆ ಹೋಗದೆ ಮನೆಯಂಗಳದಲ್ಲಿಯೇ ಕೆಲಸ ಮುಗಿಸಬಹುದೆಂಬುದು ಅನೇಕ ಗ್ರಾಹಕರ ಎಣಿಕೆ. ಅಮೆರಿಕದಲ್ಲಿ ಈ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಅನೇಕ ವಾಹನಗಳನ್ನು ಹೊಂದಿರುವ ಟ್ಯಾಕ್ಸಿ ಮತ್ತು ಸಾಗಣೆ ಉದ್ಯಮಿಗಳು ಸಹ ವೆಚ್ಚ ತಗ್ಗಿಸಲು ತಮ್ಮ ಶೆಡ್ಡಿನಲ್ಲಿಯೇ ಈ ಕೆಲಸ ಮಾಡಿಸಲು ಯೋಚಿಸುವುದು ಸಹಜ. ಆದರೆ ಈ ಉಳಿತಾಯ ನಿಜವಾದುದೇ ಎಂಬುದನ್ನು ವ್ಯವಹಾರದ ದೃಷ್ಟಿಯಿಂದ ಪರಿಶೀಲಿಸುವುದು ಅಗತ್ಯ.

ಅನಿಲ ಖರ್ಚಾಗುವ ವಸ್ತುವಲ್ಲ

ಎ.ಸಿ. ಅನಿಲವನ್ನು ಪೆಟ್ರೋಲಿನಂತೆ ಕಾಲಕಾಲಕ್ಕೆ ತುಂಬಿಸಬೇಕಾದ ವಸ್ತುವೆಂದು ಭಾವಿಸುವುದೇ ಮೊದಲ ತಪ್ಪು. ಕಂಪ್ರೆಸರ್ ಈ ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ. ವಾಹನದ ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖ ಕಳೆದುಕೊಂಡು ದ್ರವವಾಗುತ್ತದೆ. ಎಕ್ಸ್‌ಪಾನ್ಷನ್ ವಾಲ್ವ್ ದಾಟಿದೊಡನೆ ಒತ್ತಡ ಕುಸಿದು, ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುತ್ತಾ ಗಾಡಿಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಅನಿಲ ಈ ಮುಚ್ಚಿದ ಹಾದಿಯಲ್ಲಿ ನಿರಂತರವಾಗಿ ಸುತ್ತುತ್ತಿರುತ್ತದೆ. ರಬ್ಬರ್ ಕೊಳವೆ ಮತ್ತು ಸೀಲುಗಳ ಮೂಲಕ ವರ್ಷಗಳ ಅವಧಿಯಲ್ಲಿ ಅಲ್ಪ ಪ್ರಮಾಣ ಜಿನುಗುವುದುಂಟು. ಅದನ್ನು ಬಿಟ್ಟರೆ, ಅನಿಲ ಕಡಿಮೆಯಾಗಿದೆ ಎಂಬ ಮಾತಿಗೆ ಇರುವ ಅರ್ಥ ಒಂದೇ: ಎಲ್ಲಿಯೋ ಸೋರಿದೆ.

ಸೋರಿಕೆಯನ್ನು ಹುಡುಕದೆ ಡಬ್ಬಿ ತುಂಬಿಸುವುದೆಂದರೆ ತೂತಿರುವ ಕೊಡಕ್ಕೆ ನೀರು ಹೊಯ್ದಂತೆ. ಕೆಲವು ವಾರ ತಂಪು ಬರುತ್ತದೆ. ಆನಂತರ ಮತ್ತೊಂದು ಡಬ್ಬಿ. ಇಷ್ಟೇ ಆಗಿದ್ದರೆ ನಷ್ಟ ಡಬ್ಬಿಯ ಬೆಲೆಗೆ ಸೀಮಿತವಾಗುತ್ತಿತ್ತು. ಕಂಪ್ರೆಸರಿಗೆ ಬೇಕಾದ ಎಣ್ಣೆ ಅನಿಲದೊಡನೆಯೇ ಸಂಚರಿಸುವುದರಿಂದ, ಅನಿಲದ ಹರಿವು ಕುಗ್ಗಿದಂತೆ ಎಣ್ಣೆಯೂ ಸರಿಯಾಗಿ ತಲುಪದೆ ಕಂಪ್ರೆಸರ್ ಸವೆಯುತ್ತದೆ. ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುಬಾರಿಯಾದ ಬಿಡಿಭಾಗ ಅದೇ ಎಂಬುದು ಈ ವ್ಯಾಪಾರದಲ್ಲಿರುವವರಿಗೆ ತಿಳಿಯದ ಸಂಗತಿಯಲ್ಲ.

ಗೇಜಿನ ಮುಳ್ಳು ತೂಕ ಹೇಳದು

ಡಬ್ಬಿಯೊಡನೆ ಬರುವ ಗೇಜಿನಲ್ಲಿ ಹಸಿರು ಪಟ್ಟಿಯವರೆಗೆ ಮುಳ್ಳು ಬಂದರೆ ಸಾಕೆಂದು ಸೂಚಿಸಿರುತ್ತಾರೆ. ಇದು ದಾರಿ ತಪ್ಪಿಸುವ ಸೂಚನೆ. ಇಂದಿಗೂ ರಸ್ತೆಯಲ್ಲಿರುವ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ ಎಂಬ ಅನಿಲ. 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಎಂಜಿನ್ ನಿಲ್ಲಿಸಿ ಅಳೆದರೆ ಅದರ ಒತ್ತಡ ಸುಮಾರು 97 ಪಿ.ಎಸ್.ಐ. ಇರುತ್ತದೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ಅಷ್ಟೇ, ಪೂರ್ಣ ಪ್ರಮಾಣವಿದ್ದರೂ ಅಷ್ಟೇ. ಎಂಜಿನ್ ಚಾಲನೆಯಲ್ಲಿರುವಾಗಲಂತೂ ಹೊರಗಿನ ಬಿಸಿಲು, ಎಂಜಿನ್ ವೇಗ, ಫ್ಯಾನಿನ ಸ್ಥಿತಿ ಇವೆಲ್ಲವೂ ಮುಳ್ಳನ್ನು ಏರಿಳಿಸುತ್ತವೆ.

ಅಡುಗೆ ಅನಿಲದ ಸಿಲಿಂಡರನ್ನು ನಾವು ತೂಕ ಮಾಡಿಸಿ ಪಡೆಯುವುದು ಇದೇ ಕಾರಣಕ್ಕೆ. ಒಲೆಯ ಉರಿ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು. ಅಂತೆಯೇ ಕಾರಿಗೆ ಎಷ್ಟು ಗ್ರಾಂ ಅನಿಲ ಬೇಕೆಂಬುದನ್ನು ತಯಾರಕರು ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಅಥವಾ ಕೈಪಿಡಿಯಲ್ಲಿ ನಮೂದಿಸಿರುತ್ತಾರೆ. ಸಣ್ಣ ಕಾರುಗಳಲ್ಲಿ ಇದು ಅರ್ಧ ಕಿಲೋಗ್ರಾಂಗಿಂತ ಕಡಿಮೆ ಇರುವುದುಂಟು. ಇಷ್ಟು ಸಣ್ಣ ಪ್ರಮಾಣದಲ್ಲಿ 100 ಗ್ರಾಂ ವ್ಯತ್ಯಾಸವೂ ದೊಡ್ಡದು. ಹೆಚ್ಚು ತುಂಬಿಸಿದರೆ ತಂಪು ಹೆಚ್ಚುವುದಿಲ್ಲ. ಒತ್ತಡ ಏರಿ ತಂಪು ಕುಗ್ಗುತ್ತದೆ, ಕಂಪ್ರೆಸರಿನ ಮೇಲೆ ಹೊರೆ ಬೀಳುತ್ತದೆ.

ತೇವ, ಗಾಳಿ ಮತ್ತು ಕಲಬೆರಕೆ

ಸೋರಿಕೆ ಹೆಚ್ಚಾಗಿದ್ದರೆ ಅಥವಾ ವ್ಯವಸ್ಥೆಯನ್ನು ಬಿಚ್ಚಿದ್ದರೆ ಒಳಗೆ ಗಾಳಿ ಹಾಗೂ ತೇವ ಸೇರುತ್ತದೆ. ತೇವವು ಅನಿಲ ಮತ್ತು ಎಣ್ಣೆಯೊಡನೆ ಸೇರಿ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ವಾಲ್ವಿನಲ್ಲಿ ಮಂಜುಗಡ್ಡೆಯಾಗಿ ಹಾದಿಯನ್ನೇ ಮುಚ್ಚುವುದೂ ಉಂಟು. ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಒತ್ತಡವನ್ನು ತೀರ ತಗ್ಗಿಸಿದಾಗ ಮಾತ್ರ ಈ ನೀರು ಸಾಮಾನ್ಯ ಉಷ್ಣಾಂಶದಲ್ಲಿಯೇ ಕುದಿದು ಹೊರಹೋಗುತ್ತದೆ. ಡಬ್ಬಿ ಮತ್ತು ಕೊಳವೆಯಿಂದ ಈ ಕೆಲಸ ಸಾಧ್ಯವಿಲ್ಲ.

ಅಗ್ಗದ ಸರಕಿನ ಅಪಾಯವೂ ಗಂಭೀರವಾದುದು. ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ಅನಿಲವನ್ನು ತುಂಬಿಸಿದ್ದ ಹಡಗು ಸಾಗಣೆಯ ಶೀತಲ ಕಂಟೇನರುಗಳು 2011ರಲ್ಲಿ ವಿಯೆಟ್ನಾಂ ಮತ್ತು ಬ್ರೆಜಿಲ್‌ನಲ್ಲಿ ಸ್ಫೋಟಗೊಂಡು ಮೂವರು ಸಾವನ್ನಪ್ಪಿದರು. ಈ ಕಲಬೆರಕೆಯು ಅಲ್ಯೂಮಿನಿಯಂನೊಡನೆ ವರ್ತಿಸಿ, ಗಾಳಿ ತಗುಲಿದೊಡನೆ ತಾನಾಗಿಯೇ ಉರಿಯುವ ವಸ್ತುವನ್ನು ಉಂಟುಮಾಡುತ್ತದೆ. ಕಾರಿನ ಕಂಡೆನ್ಸರ್ ಸಹ ಅಲ್ಯೂಮಿನಿಯಂನದೇ ಎಂಬುದನ್ನು ಮರೆಯುವಂತಿಲ್ಲ.

ಮಾಲೀಕರು ತಾವೇ ಮಾಡಬಹುದಾದುದು

ತಂಪು ಕಡಿಮೆಯಾದಾಗಲೆಲ್ಲ ಅನಿಲವೇ ಕಾರಣವಲ್ಲ. ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್, ಕೆಸರು ಮತ್ತು ಹುಳುಗಳಿಂದ ಮುಚ್ಚಿದ ಕಂಡೆನ್ಸರ್, ತಿರುಗದ ಫ್ಯಾನ್ ಇವೂ ಅದೇ ಲಕ್ಷಣ ತೋರುತ್ತವೆ. ಫಿಲ್ಟರ್ ಬದಲಾಯಿಸುವುದು, ಎಂಜಿನ್ ತಣಿದ ಮೇಲೆ ಮೆದುವಾದ ಧಾರೆಯಿಂದ ಕಂಡೆನ್ಸರ್ ತೊಳೆಯುವುದು, ಎ.ಸಿ. ಹಾಕಿದಾಗ ಫ್ಯಾನ್ ತಿರುಗುತ್ತದೆಯೇ ಎಂದು ನೋಡುವುದು ಇವು ಯಾರಾದರೂ ಮಾಡಬಹುದಾದ ಕೆಲಸಗಳು. ಕೊಳವೆಗಳ ಕೀಲುಗಳಲ್ಲಿ ಎಣ್ಣೆಯ ಕಲೆ ಕಂಡರೆ ಸೋರಿಕೆ ಅಲ್ಲಿರಬಹುದು. ಸಾಬೂನು ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸಬಹುದು. ಮಳೆಗಾಲ, ಚಳಿಗಾಲಗಳಲ್ಲಿಯೂ ಆಗಾಗ ಕೆಲವು ನಿಮಿಷ ಎ.ಸಿ. ಓಡಿಸಿದರೆ ಸೀಲುಗಳಿಗೆ ಎಣ್ಣೆ ತಲುಪಿ ಒಣಗುವುದು ತಪ್ಪುತ್ತದೆ.

ಆದಾಗ್ಯೂ ಡಬ್ಬಿ ಬಳಸಲೇಬೇಕೆನ್ನುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಬೇಕು. ಡಬ್ಬಿಯನ್ನು ಕಡಿಮೆ ಒತ್ತಡದ ಕೊಳವೆಗೆ ಮಾತ್ರ ಜೋಡಿಸಬೇಕು. ಅಧಿಕ ಒತ್ತಡದ ಕಡೆ ಜೋಡಿಸಿದರೆ ಡಬ್ಬಿಯೇ ಸಿಡಿಯಬಹುದು. ಆರ್-134ಎ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೆ ಕುದಿಯುವ ದ್ರವವಾದುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಕೈಗವಸು ಕಡ್ಡಾಯ. ಸೋರಿಕೆ ಮುಚ್ಚುವ ಅಂಟು ಬೆರೆಸಿದ ಡಬ್ಬಿಗಳು ವಾಲ್ವನ್ನೂ ಗ್ಯಾರೇಜಿನ ಯಂತ್ರವನ್ನೂ ಕಟ್ಟಿಸಬಲ್ಲವು. ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳನ್ನಂತೂ ಮುಟ್ಟಲೇಬಾರದು. ಅವುಗಳ ವಿದ್ಯುತ್ ಚಾಲಿತ ಕಂಪ್ರೆಸರಿಗೆ ಬೇರೆ ಬಗೆಯ ಎಣ್ಣೆ ಸೇರಿದರೆ ನಿರೋಧಕ ಗುಣ ಕೆಟ್ಟು ಅಪಾಯವಾಗುತ್ತದೆ.

ನಿಯಮಗಳ ದಿಕ್ಕು

ಓಝೋನ್ ಪದರಕ್ಕೆ ಹಾನಿಕರವಾದ ಆರ್-12ರ ಉತ್ಪಾದನೆ ನಮ್ಮ ದೇಶದಲ್ಲಿ 2008ರಲ್ಲಿ ಕೊನೆಗೊಂಡಿತು. ಅದರ ಸ್ಥಾನಕ್ಕೆ ಬಂದ ಆರ್-134ಎ ಓಝೋನಿಗೆ ಹಾನಿ ಮಾಡದಿದ್ದರೂ, ವಾತಾವರಣವನ್ನು ಬಿಸಿ ಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು. ಒಂದು ಕಾರಿನ 450 ಗ್ರಾಂ ಅನಿಲ ಗಾಳಿಗೆ ಸೇರಿದರೆ ಅದು ಸುಮಾರು 640 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಐರೋಪ್ಯ ಒಕ್ಕೂಟವು 2017ರಿಂದ ಹೊಸ ಕಾರುಗಳಲ್ಲಿ ಇದನ್ನು ನಿಷೇಧಿಸಿದೆ. ಅಲ್ಲಿ ಬಳಕೆಗೆ ಬಂದಿರುವ ಆರ್-1234ವೈಎಫ್ ದುಬಾರಿಯಾಗಿದ್ದು, ಅಲ್ಪಮಟ್ಟಿಗೆ ಉರಿಯುವ ಗುಣವನ್ನೂ ಹೊಂದಿದೆ. ಅಮೆರಿಕದಲ್ಲಿಯೂ 2018ರಿಂದ ತಯಾರಾದ ಸಣ್ಣ ಡಬ್ಬಿಗಳಿಗೆ ತಾನಾಗಿಯೇ ಮುಚ್ಚಿಕೊಳ್ಳುವ ವಾಲ್ವ್ ಇರಬೇಕೆಂಬ ನಿಯಮವಿದೆ.

ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅನುಮೋದಿಸಿದೆ. ಅದರಂತೆ ಇಂತಹ ಅನಿಲಗಳ ಕಡಿತ 2032ರಲ್ಲಿ ಆರಂಭವಾಗಿ 2047ರ ವೇಳೆಗೆ ಶೇ. 85ನ್ನು ತಲುಪಬೇಕಾಗಿದೆ. ಇಂದು ಗಾಳಿಗೆ ಬಿಡುತ್ತಿರುವ ಅನಿಲ ಮುಂದೆ ಸುಲಭವಾಗಿ ದೊರೆಯಲಾರದು ಎಂಬುದು ಇದರ ತಾತ್ಪರ್ಯ.

ಉದ್ಯಮಕ್ಕಿರುವ ಅವಕಾಶ

ಮಧ್ಯಮ ಹಾಗೂ ಭಾರಿ ಸರಕು ವಾಹನಗಳ ಚಾಲಕರ ಕ್ಯಾಬಿನ್ನಿಗೆ ಎ.ಸಿ. ಅಳವಡಿಸುವುದನ್ನು 2025ರಿಂದ ಹೊಸ ವಾಹನಗಳಿಗೆ ಕಡ್ಡಾಯಗೊಳಿಸಲಾಗಿದೆ. ಕಾರುಗಳೊಡನೆ ಲಾರಿಗಳೂ ಸೇರುವುದರಿಂದ ದುರಸ್ತಿಯ ಬೇಡಿಕೆ ಬೆಳೆಯಲಿದೆ. ಇಲ್ಲಿ ಗ್ಯಾರೇಜುಗಳು ಡಬ್ಬಿಯೊಡನೆ ಬೆಲೆಯಲ್ಲಿ ಸ್ಪರ್ಧಿಸಬೇಕಾಗಿಲ್ಲ. ಡಬ್ಬಿ ನೀಡಲಾಗದ ಸೇವೆಯನ್ನು ನೀಡಿದರೆ ಸಾಕು. ಹಳೆಯ ಅನಿಲವನ್ನು ಹೊರಗೆ ಬಿಡದೆ ಮರಳಿ ಪಡೆದು, ತೂಗಿ, ಶುದ್ಧಗೊಳಿಸುವ ಯಂತ್ರಗಳು ಮಾರುಕಟ್ಟೆಯಲ್ಲಿ ಲಭ್ಯವಿವೆ. 450 ಗ್ರಾಂ ಇರಬೇಕಾದ ಕಾರಿನಿಂದ 250 ಗ್ರಾಂ ಮಾತ್ರ ದೊರೆತರೆ 200 ಗ್ರಾಂ ಸೋರಿದೆ ಎಂದು ಗ್ರಾಹಕರಿಗೆ ಅಂಕಿಯಲ್ಲೇ ತೋರಿಸಬಹುದು.

ಮರಳಿ ಪಡೆದ ತೂಕ, ಸೋರಿಕೆ ಪತ್ತೆಯಾದ ಸ್ಥಳ, ವ್ಯಾಕ್ಯೂಮ್ ನೀಡಿದ ಅವಧಿ, ತುಂಬಿಸಿದ ತೂಕ: ಈ ನಾಲ್ಕು ವಿವರಗಳನ್ನು ಬಿಲ್ಲಿನಲ್ಲಿ ನಮೂದಿಸುವ ಪದ್ಧತಿಯನ್ನು ಗ್ಯಾರೇಜ್ ಮಾಲೀಕರು ಅನುಸರಿಸಬೇಕು, ಸಾಗಣೆ ಉದ್ಯಮಿಗಳು ಅವುಗಳನ್ನು ಕೇಳಿ ಪಡೆದು ಪ್ರತಿ ವಾಹನದ ಕಡತದಲ್ಲಿ ಇರಿಸಬೇಕು. "ಗ್ಯಾಸ್ ಚಾರ್ಜ್" ಎಂಬ ಎರಡೇ ಪದಗಳ ಬಿಲ್ಲಿಗೆ ಹಣ ತೆರುವುದು ನಿಂತಂದು ಸೋರಿಕೆಯೂ ನಿಲ್ಲಲು ಆರಂಭವಾಗುತ್ತದೆ. ನಿಜವಾದ ಉಳಿತಾಯ ಇರುವುದು ಅಲ್ಲಿಯೇ.