ಉಪದೇಶ ಒಂದು ಕಡೆ, ಊಟ ಒಂದು ಕಡೆ

ಚರ್ಚಿಗೆ ತಪ್ಪದೆ ಹೋಗುವವರು ಸಿಗರೇಟು, ಕುಡಿತಗಳ ಗೊಡವೆಗೆ ಹೋಗುವುದು ಕಡಿಮೆ, ಹಾಗಾಗಿ ಅವರ ಆರೋಗ್ಯ ನೆಟ್ಟಗಿರುತ್ತದೆ ಎಂಬುದು ಬಹುಕಾಲದ ನಂಬಿಕೆ. ಅದು ಅರ್ಧ ನಿಜ. ಉಳಿದರ್ಧವನ್ನು 2011ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ಬಿಚ್ಚಿಟ್ಟರು. 2,433 ಮಂದಿಯನ್ನು ಹರೆಯದಿಂದ ಹಿಡಿದು 18 ವರ್ಷ ಗಮನಿಸಿದ ಆ ಅಧ್ಯಯನದ ಪ್ರಕಾರ, ಧಾರ್ಮಿಕ ಕೂಟಗಳಲ್ಲಿ ಹೆಚ್ಚು ಭಾಗವಹಿಸುತ್ತಿದ್ದ ಯುವಜನರು ನಡುವಯಸ್ಸಿನ ಹೊತ್ತಿಗೆ ಸ್ಥೂಲಕಾಯರಾಗುವ ಸಂಭವ ಉಳಿದವರಿಗಿಂತ ಸುಮಾರು ಶೇ 50ರಷ್ಟು ಹೆಚ್ಚು. ಅದಕ್ಕೂ ಒಂದು ವರ್ಷ ಮೊದಲು ಡ್ಯೂಕ್ ವಿಶ್ವವಿದ್ಯಾಲಯದವರು ನಾರ್ತ್ ಕ್ಯಾರೊಲೈನಾದ ಮೆಥಡಿಸ್ಟ್ ಸಭಾಪಾಲಕರ ಸಮೀಕ್ಷೆಯೊಂದನ್ನು ಪ್ರಕಟಿಸಿದ್ದರು. ಅವರಲ್ಲಿ ನೂರಕ್ಕೆ ಹೆಚ್ಚುಕಡಿಮೆ ನಲವತ್ತು ಮಂದಿ ಸ್ಥೂಲಕಾಯರು. ಅದೇ ರಾಜ್ಯದ ಜನಸಾಮಾನ್ಯರಲ್ಲಿ ಈ ಪ್ರಮಾಣ ಮೂವತ್ತರ ಆಸುಪಾಸು. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ ಬೆಳಗಿನ ಜಾವ ನಾಲ್ಕಕ್ಕೇ ಏಳುತ್ತಿದ್ದವನು, ಕುದುರೆಯ ಮೇಲೆ ಊರೂರು ಅಲೆದವನು, 1747ರಲ್ಲಿ ಬಡವರಿಗಾಗಿ ಮನೆಮದ್ದಿನ ಪುಸ್ತಕವನ್ನೇ ಬರೆದವನು. ಅವನ ಪೀಠದಲ್ಲಿ ನಿಂತವರಿಗೆ ಈ ಗತಿ. ದೇಹವು ಪವಿತ್ರಾತ್ಮನ ಆಲಯವೆಂಬ ಅಪೊಸ್ತಲ ಪೌಲನ ಮಾತು ಗೊತ್ತಿಲ್ಲದೆ ಹೀಗಾಯಿತು ಎನ್ನಲು ಬರುವುದಿಲ್ಲ, ಏಕೆಂದರೆ ಆ ಮಾತನ್ನು ಬೋಧಿಸುತ್ತಿದ್ದವರು ಇವರೇ.

ಇದರ ಪಕ್ಕಕ್ಕೆ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ಎಂಬ ಸಣ್ಣ ಊರನ್ನಿಟ್ಟು ನೋಡಬೇಕು. ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ದೊಡ್ಡ ಆಸ್ಪತ್ರೆ, ವಿಶ್ವವಿದ್ಯಾಲಯ ಎರಡೂ ಇರುವ ಊರದು. ಈ ಪಂಥದಲ್ಲಿ ತಂಬಾಕು, ಮದ್ಯ ನಿಷಿದ್ಧ, ಹಂದಿಮಾಂಸ ಮುಟ್ಟುವುದಿಲ್ಲ, ಸದಸ್ಯರಲ್ಲಿ ಬಹಳ ಮಂದಿ ಸಸ್ಯಾಹಾರಿಗಳು, ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಸಬ್ಬತ್ ಎಂಬ ವಿಶ್ರಾಂತಿ. ಕ್ಯಾಲಿಫೋರ್ನಿಯಾದ ಸುಮಾರು 34,000 ಅಡ್ವೆಂಟಿಸ್ಟರನ್ನು 1970ರ ದಶಕದ ನಡುವಿನಿಂದ ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೂವತ್ತರ ವಯಸ್ಸಿನಿಂದ ಎಣಿಸಿದರೆ ಅಲ್ಲಿನ ಅಡ್ವೆಂಟಿಸ್ಟ್ ಗಂಡಸರು ರಾಜ್ಯದ ಇತರರಿಗಿಂತ 7.3 ವರ್ಷ, ಹೆಂಗಸರು 4.4 ವರ್ಷ ಹೆಚ್ಚು ಬದುಕುತ್ತಾರೆ. ಈ ಊರಿನ ಹೃದಯ ಶಸ್ತ್ರಚಿಕಿತ್ಸಕ ಎಲ್ಸ್‌ವರ್ತ್ ವೇರ್‌ಹ್ಯಾಮ್ ತೊಂಬತ್ತು ದಾಟಿದ ಮೇಲೂ ಆಪರೇಷನ್ ಥಿಯೇಟರಿನಲ್ಲಿ ನೆರವಾಗುತ್ತಿದ್ದು, 2018ರಲ್ಲಿ ತಮ್ಮ 104ನೇ ವಯಸ್ಸಿನಲ್ಲಿ ತೀರಿಕೊಂಡರು. ದೇವರು ಅದೇ, ಸತ್ಯವೇದವೂ ಅದೇ. ಒಂದು ಸಭೆಯಲ್ಲಿ ಮೈ ಬೆಳೆಯಿತು, ಇನ್ನೊಂದರಲ್ಲಿ ಆಯಸ್ಸು ಬೆಳೆಯಿತು.

ಸಿಗರೇಟು ಸೇದದವರು ಹೆಚ್ಚು ಬದುಕುವುದರಲ್ಲಿ ಸಭೆಯ ಹೆಚ್ಚುಗಾರಿಕೆ ಏನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ಆ ಏಳು ವರ್ಷಗಳಲ್ಲಿ ತಂಬಾಕು ಬಿಟ್ಟದ್ದರ ಪಾಲು ದೊಡ್ಡದು. ಆದರೆ ಸಂಶೋಧಕರು ಅಡ್ವೆಂಟಿಸ್ಟರ ಬೆನ್ನು ಹತ್ತಿದ್ದಕ್ಕೆ ಒಂದು ಕಾರಣವೂ ಇದೇ. ಬಹುತೇಕ ಯಾರೂ ಸೇದದ, ಕುಡಿಯದ ಗುಂಪಿನೊಳಗೆ ಊಟದ ವ್ಯತ್ಯಾಸವೊಂದನ್ನೇ ಬಿಡಿಸಿ ನೋಡಬಹುದು. ವಾರಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಾದಾಮಿ, ಕಡಲೆಕಾಯಿಯಂಥ ಬೀಜಗಳನ್ನು ತಿನ್ನುವವರಿಗೆ ಹೃದಯಾಘಾತದ ಅಪಾಯ, ಅಪರೂಪಕ್ಕೆ ತಿನ್ನುವವರಿಗಿಂತ ಅರ್ಧದಷ್ಟೇ ಎಂದು 1992ರಲ್ಲಿ ಗೊತ್ತಾದದ್ದು ಹೀಗೆ. 2002ರಲ್ಲಿ ಶುರುವಾದ ಎರಡನೇ ಅಧ್ಯಯನದಲ್ಲೂ ಸಸ್ಯಾಹಾರಿ ಅಡ್ವೆಂಟಿಸ್ಟರ ಮರಣ ಪ್ರಮಾಣ ಮಾಂಸಾಹಾರಿ ಅಡ್ವೆಂಟಿಸ್ಟರಿಗಿಂತ ಶೇ 12ರಷ್ಟು ಕಡಿಮೆ ಕಂಡಿತು. ಲೋಮಾ ಲಿಂಡಾಕ್ಕೆ ಅಂಟಿಸಿದ 'ಬ್ಲೂ ಜೋನ್' (ದೀರ್ಘಾಯುಷಿಗಳ ನೆಲೆ) ಎಂಬ ಹಣೆಪಟ್ಟಿಯ ಬಗ್ಗೆ ಈಚೆಗೆ ಅನುಮಾನ ಎದ್ದಿದೆ; ಹುಟ್ಟಿದ ದಿನದ ದಾಖಲೆ ಸರಿಯಿಲ್ಲದ ಕಡೆಯೇ ಶತಾಯುಷಿಗಳು ಹೆಚ್ಚು ಸಿಗುತ್ತಾರೆ ಎಂಬ ತಕರಾರು ಅದು. ಹಣೆಪಟ್ಟಿ ಬೇಕಾದರೆ ಹೋಗಲಿ. ಈ ಅಧ್ಯಯನಗಳು ನಿಂತಿರುವುದು ಶತಾಯುಷಿಗಳ ತಲೆಯೆಣಿಕೆಯ ಮೇಲಲ್ಲ, ಹೆಸರು ನೋಂದಾಯಿಸಿಕೊಂಡು ದಶಕಗಟ್ಟಲೆ ಹಿಂಬಾಲಿಸಿದ ಸಾವಿರಾರು ಜನರ ಲೆಕ್ಕದ ಮೇಲೆ.

ಹಾಗಾದರೆ ಮೆಥಡಿಸ್ಟರಲ್ಲಿ ಇಲ್ಲದ್ದು ಅಡ್ವೆಂಟಿಸ್ಟರಲ್ಲಿ ಏನಿತ್ತು? ಹೆಚ್ಚಿನ ಭಕ್ತಿಯೂ ಅಲ್ಲ, ಹೆಚ್ಚಿನ ಮನೋಬಲವೂ ಅಲ್ಲ ಎಂಬುದು ನನ್ನ ವಾದ. ಅಡ್ವೆಂಟಿಸ್ಟರಲ್ಲಿ ಏನು ತಿನ್ನಬೇಕು, ಯಾವಾಗ ಕೆಲಸ ನಿಲ್ಲಿಸಬೇಕು ಎಂಬುದು ಒಬ್ಬೊಬ್ಬರೂ ದಿನಾ ಬೆಳಿಗ್ಗೆ ಎದ್ದು ತೀರ್ಮಾನಿಸುವ ವಿಷಯವಲ್ಲ. ಸಭೆ ಅದನ್ನು ಮೊದಲೇ ತೀರ್ಮಾನಿಸಿದೆ. ಸಬ್ಬತ್ತಿನ ದಿನ ಆರಾಧನೆ ಮುಗಿದ ಮೇಲೆ ಎಲ್ಲರೂ ತಂದು ಹಂಚಿಕೊಳ್ಳುವ ಊಟದಲ್ಲಿ ಬೇಳೆ, ಕಾಳು, ಸೊಪ್ಪು, ಹಣ್ಣುಗಳೇ ಇರುತ್ತವೆ. ಊಟವಾದ ಮೇಲೆ ನಡೆದಾಡಿ ಬರುವುದೂ ಆ ದಿನದ ಭಾಗವೇ. ಹೊಸ ವರ್ಷಕ್ಕೆ ಜಿಮ್ ಸೇರಿ ಫೆಬ್ರುವರಿಯಲ್ಲಿ ಬಿಡುವವನಿಗೂ ಇವರಿಗೂ ಇರುವ ಅಂತರ ಇಷ್ಟೆ. ಅವನು ಒಬ್ಬನೇ ತನ್ನ ಹಸಿವಿನ ಜೊತೆ, ಸೋಮಾರಿತನದ ಜೊತೆ ಗುದ್ದಾಡುತ್ತಾನೆ. ಇವರಲ್ಲಿ ಸುಮ್ಮನೆ ಪಕ್ಕದವರಂತೆ ಇದ್ದರೆ ಸಾಕು. ಪಕ್ಕದವರಂತೆ ಇರುವುದೇ ಸಾಕಾಗುವ ಈ ಶಕ್ತಿ ಉಲ್ಟಾ ದಿಕ್ಕಿನಲ್ಲೂ ಅಷ್ಟೇ ಜೋರಾಗಿ ಎಳೆಯುತ್ತದೆ. ಕೂಟಕ್ಕೊಮ್ಮೆ ಕರಿದ ಕೋಳಿ, ಡೋನಟ್ ಇಟ್ಟರೆ ಭಕ್ತರು ಅದನ್ನೇ ಅಷ್ಟೇ ಪ್ರೀತಿಯಿಂದ ತಿನ್ನುತ್ತಾರೆ. ಪೌಲನ ಮಾತಿಗೇ ಮರಳಿದರೆ, ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ದೇಹ ಆಲಯವೆಂಬ ಮಾತು ಆರನೇ ಅಧ್ಯಾಯದ್ದು. ಅದು ಬಂದಿರುವುದು ವೇಶ್ಯಾಸಂಗದ ಕುರಿತು, ತೂಕದ ಕುರಿತಲ್ಲ. ಮೂರನೇ ಅಧ್ಯಾಯದಲ್ಲಿ ಪೌಲ ಇಡೀ ಸಭೆಯನ್ನೇ ಆಲಯವೆಂದು ಕರೆದಿದ್ದಾನೆ. ಹನ್ನೊಂದರಲ್ಲಿ ಅವನ ಕೋಪ ಸಭೆಯ ಊಟದ ಮೇಲೆ: ಒಬ್ಬ ಹಸಿದು ಕೂತಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ, ನಿಮ್ಮಲ್ಲಿ ಅನೇಕರು ಬಲಹೀನರೂ ರೋಗಿಗಳೂ ಆಗಿರುವುದು ಇದರಿಂದಲೇ ಎಂದು ಗದರುತ್ತಾನೆ. ಆರೋಗ್ಯದ ಪ್ರಸಂಗಗಳಲ್ಲಿ ಆರನೇ ಅಧ್ಯಾಯ ಮೇಲಿಂದ ಮೇಲೆ ಬರುತ್ತದೆ, ಹನ್ನೊಂದನೆಯದು ಬರುವುದೇ ಅಪರೂಪ.

2011ರಲ್ಲಿ ಕ್ಯಾಲಿಫೋರ್ನಿಯಾದ್ದೇ ಸ್ಯಾಡಲ್‌ಬ್ಯಾಕ್ ಚರ್ಚಿನ ಪಾಸ್ಟರ್ ರಿಕ್ ವಾರೆನ್ 'ಡೇನಿಯಲ್ ಪ್ಲಾನ್' ಎಂಬ ತೂಕ ಇಳಿಸುವ ಅಭಿಯಾನ ಶುರುಮಾಡಿದರು. ಸಾವಿರಾರು ಜನ ಸೇರಿದರು. ಒಂಟಿಯಾಗಿ ಮಾಡಿದವರಿಗಿಂತ ಸಣ್ಣ ಗುಂಪುಗಳಲ್ಲಿ ಸೇರಿ ಮಾಡಿದವರ ತೂಕ ಹೆಚ್ಚು ಇಳಿಯಿತು ಎಂದು ಚರ್ಚೇ ಹೇಳಿಕೊಂಡಿತು. ಅದು ನಂಬುವಂಥ ಮಾತೇ. ಹೆಸರಿನಲ್ಲಿ ಮಾತ್ರ ಒಂದು ತಮಾಷೆ ಇದೆ: ರಾಜನ ಭೋಜನ ಬಿಟ್ಟು ಹತ್ತು ದಿನ ಕಾಯಿಪಲ್ಲೆ, ನೀರಿನಲ್ಲೇ ಇದ್ದ ದಾನಿಯೇಲ ಮತ್ತವನ ಗೆಳೆಯರು ಕೊನೆಗೆ ಉಳಿದವರಿಗಿಂತ ಮೈತುಂಬಿಕೊಂಡು ಕಂಡರು ಎಂದೇ ಸತ್ಯವೇದ ಹೇಳುವುದು. ಅವರು ಬಿಟ್ಟದ್ದು ತೆಳ್ಳಗಾಗಲೆಂದಲ್ಲ, ಪರರಾಜನ ಊಟದಿಂದ ಮೈಲಿಗೆಯಾಗಬಾರದೆಂದು.

ಮೈಯನ್ನೇ ಗುರಿ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಅಡ್ವೆಂಟಿಸ್ಟರ ಮನೆಯೊಳಗೇ ಉದಾಹರಣೆಯಿದೆ. ಮಿಷಿಗನ್ ರಾಜ್ಯದ ಬ್ಯಾಟಲ್ ಕ್ರೀಕಿನಲ್ಲಿ 1866ರಲ್ಲಿ ಪಂಥ ತೆರೆದ ಆರೋಗ್ಯಧಾಮಕ್ಕೆ ಹತ್ತು ವರ್ಷದ ಮೇಲೆ ಮುಖ್ಯಸ್ಥರಾಗಿ ಬಂದವರು ಡಾ. ಜಾನ್ ಹಾರ್ವಿ ಕೆಲಾಗ್. ತಮ್ಮನ ಜೊತೆ ಸೇರಿ ಕಾರ್ನ್‌ಫ್ಲೇಕ್ಸ್ ರೂಪಿಸಿದವರು ಇವರೇ. ಕರುಳು ಶುದ್ಧಿ, ಅಗಿಯುವ ಕ್ರಮ, ಬ್ರಹ್ಮಚರ್ಯ ಎಂದು ಹಟ ಏರುತ್ತ ಹೋಗಿ ಕೊನೆಗೆ 'ಜನಾಂಗ ಸುಧಾರಣೆ'ಯ ಹೆಸರಿನಲ್ಲಿ, ದುರ್ಬಲರು ಮಕ್ಕಳನ್ನು ಹೆರಬಾರದೆನ್ನುವ ಚಳವಳಿಗೆ ನಿಂತರು. ಸಭೆ 1907ರಲ್ಲಿ ಅವರನ್ನು ಹೊರಗಿಟ್ಟಿತು. ಅದಕ್ಕೆ ದೇವತಾಶಾಸ್ತ್ರದ, ಅಧಿಕಾರದ ಜಗಳಗಳು ಕಾರಣ, ಇದಲ್ಲ. ಆರೋಗ್ಯವಂತನೇ ನೀತಿವಂತ ಎಂಬ ಲೆಕ್ಕ ಶುರುವಾದರೆ ರೋಗಿ ತಾನಾಗಿಯೇ ಪಾಪಿಯಾಗುತ್ತಾನೆ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಅವನದೋ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡೂ ಅಲ್ಲ ಎಂದದ್ದು ಯೋಹಾನನ ಸುವಾರ್ತೆಯಲ್ಲಿದೆ. ದೇಹಸಾಧನೆಯಿಂದ ಸ್ವಲ್ಪ ಪ್ರಯೋಜನವುಂಟು ಎಂದು ತಿಮೊಥೆಯನಿಗೆ ಬರೆದ ಪತ್ರ ಹೇಳುತ್ತದೆ. ಆ 'ಸ್ವಲ್ಪ' ಎಂಬ ಅಳತೆ ನನಗೆ ಸರಿಯಾಗಿ ಕಾಣುತ್ತದೆ. ವಾರಕ್ಕೊಂದು ದಿನ ಕೆಲಸ ಬಿಡಿಸುವ ಸಬ್ಬತ್ ಕೂಡ ಆ ಅಳತೆಯನ್ನು ಕಾಯುತ್ತದೆ.

ಇಷ್ಟಕ್ಕೆಲ್ಲ ದೇವರು ಯಾಕೆ, ನೆರೆಹೊರೆಯವರು ಸೇರಿ ವಾಕಿಂಗ್ ಹೋದರೆ ಸಾಲದೆ ಎಂದರೆ, ಸಾಕು. ತೊಂದರೆ ಬಾಳಿಕೆಯದು. ತೂಕ ಇಳಿಸಲೆಂದೇ ಸೇರಿದ ಗುಂಪು ತೂಕ ಇಳಿದಾಗಲೂ ಒಡೆಯುತ್ತದೆ, ಇಳಿಯದಿದ್ದರೂ ಒಡೆಯುತ್ತದೆ. ಬೇರೆ ಕಾರಣಕ್ಕೆ ಸೇರಿದವರು ಮುಂದಿನ ವಾರವೂ ಸೇರುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸಿನ ಕಥೊಲಿಕ ಬಿಷಪ್‌ಗಳು 2011ರ ಸೆಪ್ಟೆಂಬರಿನಲ್ಲಿ ಶುಕ್ರವಾರ ಮಾಂಸ ಬಿಡುವ ಹಳೆಯ ನೇಮವನ್ನು ಮತ್ತೆ ಜಾರಿಗೆ ತಂದರು. ಹತ್ತು ವರ್ಷದ ನಂತರ ಕೇಂಬ್ರಿಡ್ಜಿನ ಸಂಶೋಧಕರು ನೋಡಿದಾಗ ಅಲ್ಲಿನ ಕಥೊಲಿಕರಲ್ಲಿ ಸುಮಾರು ಶೇ 28 ಮಂದಿ ಊಟ ಬದಲಿಸಿಕೊಂಡಿದ್ದರು. ಮುಕ್ಕಾಲು ಪಾಲು ಜನ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದೂ ಇದನ್ನು ಓದಬಹುದು. ಆದರೆ ಒಂದು ಘೋಷಣೆಗೆ ಹತ್ತು ವರ್ಷ ಕಾಲು ಭಾಗ ಜನರನ್ನು ಹಿಡಿದಿಟ್ಟುಕೊಂಡ ಡಯೆಟ್ ಪುಸ್ತಕ ಯಾವುದಿದೆ?

ಮೀನಿಗೆ ಅಡ್ಡಿಯಿಲ್ಲದ ಈ ನೇಮವನ್ನು ಮಂಗಳೂರಿಗೆ ಹಾಗೆಯೇ ತಂದರೆ ಹೆಚ್ಚು ಪ್ರಯೋಜನವಿಲ್ಲ. ಕೋಳಿ ಬಿಟ್ಟು ಅಂಜಲ್ ಫ್ರೈ ತಿನ್ನುವುದನ್ನು ಕರಾವಳಿಯಲ್ಲಿ ಯಾರೂ ತ್ಯಾಗ ಎನ್ನುವುದಿಲ್ಲ. ಆದರೆ ಅಲ್ಲಿನ ಕಥೊಲಿಕ ಮನೆಗಳು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಆಶೀರ್ವದಿಸಿದ ಹೊಸ ತೆನೆ ತಂದು, ಹರಿವೆ, ಸುವರ್ಣಗೆಡ್ಡೆ, ಬೆಂಡೆ ಎಂದು ಪೂರ್ತಿ ಸಸ್ಯಾಹಾರ ಉಣ್ಣುತ್ತವೆ, ಅದೂ ಸಂಭ್ರಮದಿಂದ. ಅಂದು ಯಾರ ಮನೋಬಲಕ್ಕೂ ಪರೀಕ್ಷೆಯಿಲ್ಲ, ಮಾಂಸ ಬೇಯಿಸುವುದೇ ಇಲ್ಲವಲ್ಲ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಪ್ರಾರ್ಥನಾ ಕೂಟದಲ್ಲಿ ಕೂತವರನ್ನು ಅದು ಬೇರೆ ಮಾಡಿ ನೋಡುವುದಿಲ್ಲ. ಕೂಟ ಮುಗಿದ ಮೇಲೆ ಹಂಚುವ ಸಿಹಿ ಚಹಾ, ಕೇಕ್, ಪಫ್ಸ್‌ಗಳ ಜಾಗಕ್ಕೆ ಸಕ್ಕರೆಯಿಲ್ಲದ ಚಹಾ, ಬೇಯಿಸಿದ ಕಡಲೆ ಬರಬೇಕೇ ಎಂಬುದನ್ನು ಹೇಳಬೇಕಾದವರು ಡಾಕ್ಟರರಲ್ಲ, ಪೀಠದಲ್ಲಿ ನಿಂತ ಗುರುಗಳೂ ಅಲ್ಲ. ತಿಂಡಿಗೆ ಹಣ ಮಂಜೂರು ಮಾಡುವ ಪಾಲನಾ ಮಂಡಳಿಯವರು, ಮತ್ತು ಅಡುಗೆಗೆ ನಿಲ್ಲುವ ಸ್ತ್ರೀ ಸಂಘಟನೆಯವರು.