ಟ್ಯೂಬ್‌ಲೈಟಿನ ಕೆಳಗೆ ತುಳಸಿ

ಕಾರ್ತೀಕ ಮಾಸದ ಶುಕ್ಲ ದ್ವಾದಶಿ. ಅಂಗಳದ ತುಳಸಿಕಟ್ಟೆಗೆ ಸುಣ್ಣ, ಕೆಮ್ಮಣ್ಣು ಬಳಿದು, ರಂಗೋಲಿ ಇಟ್ಟು, ಗಿಡದ ಪಕ್ಕದಲ್ಲಿ ಕಾಯಿ ಇರುವ ನೆಲ್ಲಿಯ ಕೊಂಬೆಯೊಂದನ್ನು ಸಿಕ್ಕಿಸಿ, ಸಂಜೆ ಹಣತೆ ಹಚ್ಚಿದರೆ ಉತ್ಥಾನ ದ್ವಾದಶಿ. ಉತ್ತರ ಕರ್ನಾಟಕದವರಿಗೆ ಇದು ತುಳಸಿ ಲಗ್ನ; ಇದು ಮುಗಿದ ಮೇಲೆಯೇ ಮನೆಮಕ್ಕಳ ಮದುವೆಯ ಮಾತು. ಹಬ್ಬ ಸಾಮಾನ್ಯವಾಗಿ ಬೀಳುವುದು ನವೆಂಬರ್‌ನಲ್ಲಿ. ಅದೇ ನವೆಂಬರ್‌ನಲ್ಲಿ ಶಿಕಾಗೋದಲ್ಲೋ ಟೊರಾಂಟೋದಲ್ಲೋ ನೆಲೆಸಿದ ಕನ್ನಡಿಗರ ಹಿತ್ತಿಲಲ್ಲಿ ಹಿಮ ಬೀಳಲು ಶುರುವಾಗಿರುತ್ತದೆ. ಬೇಸಿಗೆಯಲ್ಲಿ ಸೊಂಪಾಗಿದ್ದ ತುಳಸಿ ಒಂದೇ ರಾತ್ರಿಯಲ್ಲಿ ಕಪ್ಪಾಗಿ ಜೋತುಬಿದ್ದಿರುತ್ತದೆ. ಲಗ್ನದ ದಿನಕ್ಕೆ ಮದುಮಗಳೇ ಇಲ್ಲ!

ಈ ಫಜೀತಿಗೆ ಅಲ್ಲಿನವರು ಕಂಡುಕೊಂಡ ದಾರಿಯೇ ಮನೆಯೊಳಗಿನ ದೀಪದ ತೋಟ. ನೆಲಮಾಳಿಗೆಯಲ್ಲೋ ಅಡುಗೆಮನೆಯ ಕಟ್ಟೆಯ ಮೇಲೋ ಒಂದು ಕುಂಡ, ಅದರ ತಲೆಯ ಮೇಲೆ ಟ್ಯೂಬ್‌ಲೈಟು ಅಥವಾ ಎಲ್‌ಇಡಿ ಪಟ್ಟಿ. ಹೊರಗೆ ಹಿಮ ಸುರಿಯುತ್ತಿದ್ದರೂ ಒಳಗೆ ತುಳಸಿ ಚಿಗುರುತ್ತಿರುತ್ತದೆ. ನೋಡುವುದಕ್ಕೆ ಇದು ಸಣ್ಣ ಉಪಾಯ. ಆದರೆ ಇದರ ಹಿಂದೆ ನೂರೈವತ್ತು ವರ್ಷಕ್ಕೂ ಮಿಕ್ಕಿದ ಪ್ರಯೋಗಗಳ ಕಥೆ ಇದೆ.

ಮೊದಲು ಗಿಡದ ಸ್ವಭಾವ ತಿಳಿಯಬೇಕು. ನಮ್ಮ ಪೂಜೆಯ ತುಳಸಿಗೆ ಸಸ್ಯಶಾಸ್ತ್ರದಲ್ಲಿ ಓಸಿಮಮ್ ಟೆನ್ಯುಫ್ಲೋರಮ್ ಎಂದು ಹೆಸರು. ಓಸಿಮಮ್ ಸ್ಯಾಂಕ್ಟಮ್ ಎಂಬ ಹಳೆಯ ಹೆಸರೂ ಬಳಕೆಯಲ್ಲಿದೆ. ಇಟಲಿಯವರು ಅಡುಗೆಗೆ ಹಾಕುವ ಬೇಸಿಲ್ ಇದರ ಸೋದರಿ. ಅದು ನಮಗೆ ಅಪರಿಚಿತವೇನಲ್ಲ, ಕಾಮಕಸ್ತೂರಿ ಎಂದು ನಾವು ಕರೆಯುವುದು ಅದನ್ನೇ. ಸೆಕೆಗಾಲದಲ್ಲಿ ಶರಬತ್ತಿಗೆ ಹಾಕುವ, ನೀರಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಲೋಳೆ ಹೊದ್ದು ಉಬ್ಬುವ ಕಪ್ಪು ಬೀಜ ಅದರದ್ದು. ಆ ಲೋಳೆ ಇರುವುದು ನಮ್ಮ ಬಾಯಾರಿಕೆಗಾಗಿ ಅಲ್ಲ. ಮೊಳಕೆ ಒಡೆಯುವ ತನಕ ಬೀಜದ ಸುತ್ತ ತೇವ ಹಿಡಿದಿಡಲು.

ಇಬ್ಬರು ಸೋದರಿಯರೂ ಬಿಸಿಲ ನಾಡಿನವರು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಎಲೆಯ ಜೀವಕೋಶಗಳ ಪೊರೆ ಕೆಟ್ಟು ಕಪ್ಪು ಕಲೆ ಬೀಳುತ್ತದೆ. ಫ್ರಿಜ್ಜಿನಲ್ಲಿಟ್ಟ ಕಾಮಕಸ್ತೂರಿ ಸೊಪ್ಪು ಬೇಗ ಕರಿದಾಗುವುದಕ್ಕೂ ಇದೇ ಕಾರಣ. ನಮ್ಮಲ್ಲಿ ವರ್ಷಗಟ್ಟಲೆ ಬಾಳಿ ಕಾಂಡ ಕಟ್ಟಿಗೆಯಂತಾಗುವ ತುಳಸಿ ಶೀತದೇಶಗಳಲ್ಲಿ ಒಂದು ಬೇಸಿಗೆಯ ಅತಿಥಿ ಅಷ್ಟೆ.

ಹಾಗಾದರೆ ಕುಂಡವನ್ನು ಒಳಗೆ ತಂದು ಕಿಟಕಿಯ ಬಳಿ ಇಟ್ಟರೆ ಸಾಲದೆ? ಮನೆ ಬೆಚ್ಚಗೇನೋ ಇರುತ್ತದೆ. ಕೊರತೆ ಬೆಳಕಿನದು. ಡಿಸೆಂಬರ್‌ನ ಅತಿ ಚಿಕ್ಕ ಹಗಲು ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಶಿಕಾಗೋದಲ್ಲಿ ಒಂಬತ್ತು ಗಂಟೆ ಚಿಲ್ಲರೆ. ಲಂಡನ್ನಿನಲ್ಲಿ ಎಂಟು ಗಂಟೆಯೂ ತುಂಬುವುದಿಲ್ಲ. ಆ ಎಂಟು ಗಂಟೆಯೂ ಮೋಡ ಮುಸುಕಿದ ಮಂದ ಬೆಳಕು. ಇನ್ನು ಕೋಣೆಯ ದೀಪ ನಂಬುವಂತಿಲ್ಲ, ಏಕೆಂದರೆ ನಮ್ಮ ಕಣ್ಣು ದೊಡ್ಡ ಮೋಸಗಾರ. ಮಟಮಟ ಮಧ್ಯಾಹ್ನದ ಬಯಲಿನಲ್ಲಿ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ದೀಪ ಹಾಕಿದ ಕೋಣೆಯಲ್ಲಿ ಇನ್ನೂರರಿಂದ ಐನೂರು ಲಕ್ಸ್. ಇನ್ನೂರು ಪಟ್ಟಿಗೂ ಮಿಕ್ಕ ವ್ಯತ್ಯಾಸ! ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದರಿಂದ ಎರಡೂ ಕಡೆ ನಾವು ಆರಾಮವಾಗಿ ಪತ್ರಿಕೆ ಓದುತ್ತೇವೆ. ಗಿಡಕ್ಕೆ ಅಂಥ ಪಾಪೆ ಇಲ್ಲ. ಬೆಳಕೇ ಅದರ ಅನ್ನ. ಅನ್ನ ಸಾಲದಾದಾಗ ಬೆಳಕು ಹುಡುಕುತ್ತ ಕಾಂಡ ಬಿಳಿಚಿ ಉದ್ದುದ್ದ ಬೆಳೆದು ಕೊನೆಗೆ ಬಾಗಿ ಬೀಳುತ್ತದೆ.

ಸೂರ್ಯನಿಲ್ಲದೆ ಗಿಡ ಬೆಳೆಸಬಹುದೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಫ್ರಾನ್ಸಿನ ಎರ್ವೆ ಮಾಂಗೋ ಮೊದಲಿಗರ ಸಾಲಿನವರು. ವಿದ್ಯುತ್ ಬೆಳಕಿನಲ್ಲೂ ಎಲೆ ಹಸಿರು ಕಟ್ಟುತ್ತದೆ ಎಂದು ಅವರು 1861ರಲ್ಲಿ ತೋರಿಸಿದರು. ಇದನ್ನು ದೊಡ್ಡದಾಗಿ ಮಾಡಿದವರು ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಎಂಜಿನಿಯರ್ ವಿಲಿಯಂ ಸೀಮೆನ್ಸ್. 1880ರ ಸುಮಾರಿಗೆ ತಮ್ಮ ಮನೆಯ ತೋಟದಲ್ಲಿ ಆರ್ಕ್ ದೀಪ ಹಚ್ಚಿ, ರಾತ್ರಿಯಿಡೀ ಗಿಡಗಳಿಗೆ ಬೆಳಕೂಡಿಸಿದರು. ಗಿಡಗಳು ಬೆಳೆದವು. ಆದರೆ ದೀಪವನ್ನು ಬರಿದಾಗಿ ಬಿಟ್ಟಾಗ ಎಲೆಗಳು ಸುಟ್ಟು ಮುದುಡಿದವು; ನಡುವೆ ಒಂದು ಗಾಜು ಇಟ್ಟರೆ ಏನೂ ಆಗಲಿಲ್ಲ. ಆರ್ಕ್ ದೀಪದಿಂದ ಹೊಮ್ಮುವ ನೇರಳಾತೀತ ಕಿರಣಗಳನ್ನು ಗಾಜು ತಡೆಯುತ್ತಿತ್ತು.

ಮುಂದೆ ಬಂದ ತಂತಿಯ ಬಲ್ಬು ಅಡುಗೆಮನೆಗೆ ಸರಿ, ಗಿಡಕ್ಕೆ ಅಲ್ಲ. ಅದಕ್ಕೆ ಕೊಟ್ಟ ವಿದ್ಯುತ್ತಿನ ಬಹುಪಾಲು ಶಾಖವಾಗಿ ಹೋಗುತ್ತದೆ. ಹತ್ತಿರ ಇಟ್ಟರೆ ಎಲೆ ಬಾಡುತ್ತದೆ, ದೂರ ಇಟ್ಟರೆ ಬೆಳಕು ಸಾಲದು. 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಟ್ಯೂಬ್‌ಲೈಟು ಬಂದಾಗ ಮನೆಯೊಳಗಿನ ತೋಟಗಾರನಿಗೆ ನಿಜವಾದ ಆಯುಧ ಸಿಕ್ಕಿತು. ಅದರ ಮೈ ಅಷ್ಟೇನೂ ಬಿಸಿಯಾಗದು, ಗಿಡದ ನೆತ್ತಿಯ ಮೇಲೆ ಎರಡು ಮೂರು ಅಂಗುಲದಲ್ಲೇ ತೂಗಬಹುದು. ದೀಪದ ವಿಷಯದಲ್ಲಿ ದೂರವೇ ಎಲ್ಲ. ಬಲ್ಬಿನಿಂದ ಎರಡು ಪಟ್ಟು ದೂರ ಸರಿದರೆ ಸಿಗುವ ಬೆಳಕು ಅರ್ಧವಲ್ಲ, ಕಾಲು ಭಾಗ. ಚಾವಣಿಯ ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ತುಳಸಿ ಇಟ್ಟು ‘ಬೆಳೆಯಲಿಲ್ಲ’ ಎಂದು ಕೊರಗುವವರು ತಪ್ಪುವುದು ಇಲ್ಲಿಯೇ.

ಇಂದಿನ ಎಲ್‌ಇಡಿಯ ಕಥೆ ಬೇರೆ. ಎಲೆಯ ಪತ್ರಹರಿತ್ತು ಮುಖ್ಯವಾಗಿ ಹೀರುವುದು ಕೆಂಪು ಮತ್ತು ನೀಲಿ ಬೆಳಕನ್ನು. ಹಸಿರು ಬೆಳಕನ್ನು ಅಷ್ಟಾಗಿ ಹೀರದೆ ಮರಳಿಸುವುದರಿಂದಲೇ ಎಲೆ ನಮಗೆ ಹಸಿರಾಗಿ ಕಾಣುವುದು. ಕೆಂಪು ಎಲ್‌ಇಡಿ 1960ರ ದಶಕದಿಂದಲೂ ಇತ್ತು. ಪ್ರಖರವಾದ ನೀಲಿ ಬಂದದ್ದು 1990ರ ದಶಕದ ಆರಂಭದಲ್ಲಿ, ಜಪಾನಿನಲ್ಲಿ. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಈ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಗಗನಯಾನಿಗಳು ಅಂತರಿಕ್ಷ ನಿಲ್ದಾಣದಲ್ಲಿ ಲೆಟ್ಯೂಸ್ ಸೊಪ್ಪು ಬೆಳೆಸಿ 2015ರಲ್ಲಿ ತಿಂದದ್ದು ಇಂಥ ದೀಪಗಳ ಕೆಳಗೆ. ಅದಕ್ಕೂ ಮೊದಲೇ, 2007ರಲ್ಲಿ ‘ಎಂಡೆವರ್’ ನೌಕೆಯಲ್ಲಿ ಶಿಕ್ಷಕಿ ಬಾರ್ಬರಾ ಮಾರ್ಗನ್ ಪಯಣಿಸಿದಾಗ ಶಾಲಾಮಕ್ಕಳಿಗೆ ಹಂಚಲೆಂದು ಬೇಸಿಲ್‌ನ ಒಂದು ಕೋಟಿ ಬೀಜಗಳೂ ಜೊತೆಗೆ ಹೋಗಿ ಬಂದಿದ್ದವು. ತುಳಸಿಯ ಸೋದರಿ ಹೀಗೆ ಅಂತರಿಕ್ಷವನ್ನೂ ಕಂಡವಳು.

ಬೀಜವೇ ಏಕೆ, ಊರಿನಿಂದ ಗಿಡ ಒಯ್ಯಬಾರದೇ? ಬಾರದು. ಮಣ್ಣಿನ ಜೊತೆ ಹುಳು, ರೋಗಾಣು ಬರುತ್ತವೆಂದು ಅಮೆರಿಕದಂಥ ದೇಶಗಳು ಮಣ್ಣು ಸಮೇತದ ಗಿಡವನ್ನು ವಿಮಾನ ನಿಲ್ದಾಣದಲ್ಲೇ ತಡೆಯುತ್ತವೆ. ಬೀಜಕ್ಕೂ ಹಲವೆಡೆ ಪ್ರಮಾಣಪತ್ರ ಬೇಕು. ಹೀಗಾಗಿ ಅಲ್ಲಿ ಒಬ್ಬರ ಮನೆಯ ತುಳಸಿ ಬೀಜ ಬಿಟ್ಟರೆ ಅದು ಸ್ನೇಹಿತರ ಮನೆಮನೆಗೆ ಹಂಚಿಕೆಯಾಗುತ್ತದೆ. ಅಂಗಡಿಯ ಪೊಟ್ಟಣ ಕೊಳ್ಳುವವರು ಎಚ್ಚರದಿಂದಿರಬೇಕು: ‘ಹೋಲಿ ಬೇಸಿಲ್’ ಎಂಬ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಓಸಿಮಮ್ ಆಫ್ರಿಕಾನಮ್ ಎಂಬ ಬೇರೊಂದು ಜಾತಿಯೂ ಇರುತ್ತದೆ. ಅದಕ್ಕೂ ಒಳ್ಳೆಯ ಪರಿಮಳವಿದೆ, ಆದರೆ ಅಜ್ಜಿಯ ಕಟ್ಟೆಯಲ್ಲಿದ್ದ ಕೃಷ್ಣತುಳಸಿ ಅದಲ್ಲ.

ಬಿತ್ತುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿದರೆ ಸಾಸಿವೆಗಿಂತ ಸಣ್ಣ ಬೀಜ ಉದುರುತ್ತದೆ. ಹೊಲದ ಮಣ್ಣಿಗಿಂತ ತೆಂಗಿನ ನಾರಿನ ಪುಡಿಯಂಥ ಹಗುರ ಮಾಧ್ಯಮ ಮೇಲು. (ಈ ಪುಡಿಯ ಇಟ್ಟಿಗೆಗಳು ದಕ್ಷಿಣ ಭಾರತದಿಂದಲೇ ಹಡಗೇರಿ ಹೋಗುತ್ತವೆ, ತುಳಸಿಗೆ ಪರದೇಶದಲ್ಲಿ ತವರಿನ ನಂಟು!) ಬೀಜವನ್ನು ಮೇಲೆ ಚಿಮುಕಿಸಿ, ಕಂಡೂ ಕಾಣದಷ್ಟು ಪುಡಿ ಮುಚ್ಚಿ, ನೀರು ಸುರಿಯದೆ ಸಿಂಪಡಿಸಬೇಕು. 21ರಿಂದ 25 ಡಿಗ್ರಿ ಬೆಚ್ಚಗಿದ್ದರೆ ಕಾಮಕಸ್ತೂರಿ ಒಂದು ವಾರದೊಳಗೇ ತಲೆ ಎತ್ತುತ್ತದೆ. ತುಳಸಿ ಎರಡು ವಾರದವರೆಗೂ ಕಾಯಿಸಬಹುದು. ಕಾಯಲಾರದೆ ಮತ್ತೆ ಮತ್ತೆ ನೀರು ಹಾಕುವವರಿಗೆ ಸಿಗುವುದು ಸಸಿ ಕೊಳೆ ರೋಗ. ನಿನ್ನೆ ನೆಟ್ಟಗಿದ್ದ ಎಳೆಯ ಸಸಿ ಇಂದು ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಲಗಿರುತ್ತದೆ. ಇದಕ್ಕೆ ಮದ್ದಿಗಿಂತ ಮಿತ ನೀರು, ಸ್ವಲ್ಪ ಗಾಳಿ ಒಳ್ಳೆಯದು. ಸಣ್ಣ ಫ್ಯಾನಿನ ಗಾಳಿಗೆ ಅಲುಗಾಡಿದ ಕಾಂಡ ಗಟ್ಟಿಯೂ ಆಗುತ್ತದೆ.

ಮೊಳಕೆ ಕಂಡ ದಿನದಿಂದಲೇ ದೀಪ ಬೇಕು, ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆ. 20 ವ್ಯಾಟ್‌ನ ಎಲ್‌ಇಡಿ ಹದಿನಾರು ಗಂಟೆ ಉರಿದರೆ ತಿಂಗಳಿಗೆ ಹತ್ತು ಯೂನಿಟ್‌ಗಿಂತ ತುಸು ಕಡಿಮೆ. ಉಳಿದ ಹೊತ್ತು ಕತ್ತಲು. ಸಂಜೆಯ ಮೇಲೆ ತುಳಸಿ ಮಲಗುತ್ತಾಳೆ, ಮುಟ್ಟಬಾರದು ಎನ್ನುವ ಅಜ್ಜಿಯರಿಗೆ ಇಲ್ಲೊಂದು ಧರ್ಮಸಂಕಟ: ಗಡಿಯಾರದ ಸ್ವಿಚ್ಚು ಹೇಳಿದಾಗಲೇ ಸಂಜೆಯಾಗುವ ಮನೆಯಲ್ಲಿ ಮಲಗುವ ಹೊತ್ತು ಯಾವುದು?

ಆದರೆ ಇನ್ನೊಂದು ಸಂಪ್ರದಾಯ ತೋಟಗಾರಿಕೆಯ ಪಾಠಕ್ಕೆ ಸರಿಯಾಗಿ ಕೂಡುತ್ತದೆ. ತುಳಸಿಯ ತೆನೆಯನ್ನು ಚಿವುಟಿ ದೇವರಿಗೆ ಏರಿಸುವುದುಂಟು. ಹೂಬಿಟ್ಟು ಬೀಜ ಕಟ್ಟಿದ ಗಿಡ ಎಲೆಯ ಬೆಳವಣಿಗೆ ನಿಧಾನ ಮಾಡುತ್ತದೆ. ತುದಿ ಚಿವುಟಿದರೆ ಅಲ್ಲಿಂದ ಇಳಿಯುತ್ತಿದ್ದ, ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿದ್ದ ಆಕ್ಸಿನ್ ಎಂಬ ಚೋದಕದ ಹರಿವು ನಿಂತು ಎರಡೂ ಬದಿಯಿಂದ ಕವಲು ಒಡೆಯುತ್ತವೆ. ನಿತ್ಯ ಪೂಜೆಯ ಮನೆಯ ತುಳಸಿ ಪೊದೆಯಾಗಿ ಹರಡುವುದು ಇದರಿಂದಲೇ.

ಹಿಮ ಕರಗಿ ಮೇ ತಿಂಗಳು ಬಂದಾಗ ಕುಂಡ ಹೊರಗೆ ಹೋಗುತ್ತದೆ, ಅದೂ ಮೆಲ್ಲಗೆ. ದೀಪದಡಿ ಬೆಳೆದ ಎಲೆ ನಿಜವಾದ ಬಿಸಿಲಿಗೆ ಬಿಳಿಚಿ ಸುಡುತ್ತದೆ. ಮೊದಲ ದಿನ ಒಂದು ಗಂಟೆ ನೆರಳಿನಲ್ಲಿ, ಮರುದಿನ ಎರಡು ಗಂಟೆ, ಹೀಗೆ ಹತ್ತು ದಿನ ಅಭ್ಯಾಸ ಮಾಡಿಸಬೇಕು. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ರಾತ್ರಿಗಳು ತಣ್ಣಗಾಗುತ್ತಿದ್ದಂತೆ ಮತ್ತೆ ಒಳಗೆ. ಅಷ್ಟರಲ್ಲಿ ಒಂದೆರಡು ತೆನೆ ಒಣಗಲು ಬಿಟ್ಟು ಮುಂದಿನ ವರ್ಷದ ಬೀಜ ಎತ್ತಿಟ್ಟಿರುತ್ತಾರೆ. ನವೆಂಬರ್‌ನ ದ್ವಾದಶಿಗೆ ಕುಂಡ ದೀಪದ ಕೆಳಗಿನಿಂದ ನಡುಮನೆಗೆ ಬರುತ್ತದೆ. ನೆಲ್ಲಿಯ ಕೊಂಬೆ ಮಾತ್ರ ಅಲ್ಲಿ ಸಿಗುವುದಿಲ್ಲ. ಭಾರತೀಯ ಅಂಗಡಿಯ ಫ್ರೀಜರಿನಿಂದ ತಂದ ನೆಲ್ಲಿಕಾಯಿ ಗಿಡದ ಬುಡದಲ್ಲಿ ಇಟ್ಟರೆ ಆಯಿತು.